ಪ್ರಾಚಿ ಎಲ್ಲಿ ಕೂಡುತ್ತಾಳೆ?

ನವನಗರ, ಬಾಗಲಕೋಟೆ
14 ಜುಲೈ 2025

ಯಾಕೂಬಾ,

ಆರು ಸಲ ಫೋನ್ ಮಾಡಿದೆ. ಆರು ಸಲವೂ ನಿನ್ನ ಹೆಂಡತಿ ಹಜರತಬಿಯವರೇ ಎತ್ತಿದರು. ಹಿಂದೆ ನೀನು ಕೆಮ್ಮಿದ್ದೂ ಕೇಳಿಸಿತು. ಕೊನೆಗೆ ಅವರೇ ಬೇಸತ್ತು, "ಮಾಸ್ತರ್ರ, ಏನಿದ್ರೂ ಚೀಟಿ ಬರದ ಕಳಸ್ರಿ ಅಂತ ಹೇಳ್ಯಾರ್ರಿ" ಅಂದರು. ಹುನಗುಂದದ ಸಾಲಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಒಡೆದ ರೇಡಿಯೋ ಜೋಡಿಸಲು ಹೋಗಿ ಹೆಡ್ ಮಾಸ್ತರರ ಕೈಯಿಂದ ಒಟ್ಟಿಗೆ ಏಟು ತಿಂದವರು. ಈಗ ಅರ್ಜಿ ಗುಜರಾಯಿಸುವ ಕಾಲ ಬಂತು. ಆಗಲಿ, ಅರ್ಜಿಯನ್ನೇ ಬರೆಯುತ್ತೇನೆ.

ಮೂರು ವರ್ಷದಿಂದ ನೀನು ನನ್ನ ಹೊಸ್ತಿಲು ತುಳಿದಿಲ್ಲ. ಅದನ್ನು ಇಲ್ಲಿ ಕೆದಕುವುದಿಲ್ಲ. ಇದು ನನ್ನ ಸಲುವಾಗಿ ಅಲ್ಲ, ಮಗಳು ಪ್ರಾಚಿಯ ಸಲುವಾಗಿ.

ಹುಟ್ಟಿದಾಗಿನಿಂದ ಕಣ್ಣು ಕಾಣದ ಹುಡುಗಿ ವಿಡಿಯೋ ಗೇಮ್ ಆಡುತ್ತಾಳೆ ಎಂದರೆ ಓಣಿಯವರು ಈಗಲೂ ನಗುತ್ತಾರೆ. ನಗದೆ ಇದ್ದವನು ನೀನೊಬ್ಬ. ಹಳೇ ಊರಿನ ನಮ್ಮ ಮನೆ ಹಿನ್ನೀರಿನ ಪಾಲಾಗುವ ಮೊದಲು ಕಿತ್ತು ತಂದಿದ್ದ ಸಾಗವಾನಿ ಬಾಗಿಲನ್ನು ನೀನು ಕೊಯ್ದು, ಅವಳಿಗೆ ಐದು ಸ್ಪೀಕರ್ ಪೆಟ್ಟಿಗೆ ಮಾಡಿಕೊಟ್ಟೆ. ಮುಂದೆ ಮೂರು, ಬೆನ್ನ ಹಿಂದೆ ಎರಡು. ಏಟು ಎಡದಿಂದ ಬಂತೋ ಹಿಂದಿನಿಂದ ಬಂತೋ ಎಂದು ಕಿವಿಯಲ್ಲೇ ತಿಳಿದು ಅವಳು ಆಡುತ್ತಾಳೆ.

ಹುಬ್ಬಳ್ಳಿಯ ಒಂದು ಕಂಪನಿ, ಕಣ್ಣಿಲ್ಲದವರೂ ಆಡುವಂಥ ಗೇಮ್ ತಯಾರಿಸುತ್ತದೆ. ಅದರ ಧ್ವನಿ ಪರೀಕ್ಷಿಸುವ ನೌಕರಿಗೆ ಇವಳು ಅರ್ಜಿ ಹಾಕಿದ್ದಳು. ಕೊನೆಯ ಪರೀಕ್ಷೆಗೆಂದು ಅವರೇ ಗೇಮ್ ಆಡುವ ಒಂದು ಹೊಸ ಕನ್ಸೋಲ್ ಕಳಿಸಿದ್ದಾರೆ. ಆಗಸ್ಟ್ 23, ಶನಿವಾರ, ನಮ್ಮ ಮನೆಯಲ್ಲೇ, ಕ್ಯಾಮೆರಾದ ಮುಂದೆ. ಇಪ್ಪತ್ತು ಧ್ವನಿ ಬರುತ್ತವೆ. ಒಂದೊಂದೂ ಯಾವ ಕಡೆಯಿಂದ ಬಂತು ಎಂದು ತಕ್ಷಣ ಬೆರಳು ತೋರಿಸಬೇಕು. ಹದಿನೇಳು ಸರಿಯಾದರೆ ನೌಕರಿ. ಮೂರು ಕಡೆ ಸಂದರ್ಶನಕ್ಕೆ ಹೋಗಿ "ಆಮ್ಯಾಲೆ ತಿಳಸ್ತೇವ್ರಿ" ಅನ್ನಿಸಿಕೊಂಡು ಬಂದವಳು ಇವಳು. ಇದೂ ತಪ್ಪಿದರೆ ಇನ್ನೆಲ್ಲೂ ಅರ್ಜಿ ಹಾಕುವುದಿಲ್ಲ ಎಂದಿದ್ದಾಳೆ. ಅವಳು ಹೇಳಿದಂತೆ ಮಾಡುವವಳು, ನಿನಗೆ ಗೊತ್ತು.

ಐದೂ ಪೆಟ್ಟಿಗೆಗೆ ಧ್ವನಿ ಹಂಚುವ ಹೊಸ ಹೋಮ್ ಥಿಯೇಟರ್ ರಿಸೀವರ್ ತಂದೆ. ಹಳೇ ಕನ್ಸೋಲ್, ಹೊಸ ಕನ್ಸೋಲ್ ಎರಡನ್ನೂ ಟಿವಿಗೆ ಜೋಡಿಸಿ, ಟಿವಿಯಿಂದ ಒಂದು ವೈರ್ ರಿಸೀವರಿಗೆ ಕೊಟ್ಟೆ. ಮುಂದಿನ ಎರಡು ಪೆಟ್ಟಿಗೆ ಮಾತ್ರ ಮಾತಾಡುತ್ತವೆ, ಉಳಿದ ಮೂರಕ್ಕೆ ಬಾಯೇ ಇಲ್ಲ. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನಿಗೆ ಇದು ಬಗೆಹರಿಯುತ್ತಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ. ಒಂದು ದಿನ ಬಂದು ಹೋಗು.

ನಿನ್ನ
ಮಧುಸೂದನ


ಇಳಕಲ್ಲ
18 ಜುಲೈ 2025

ಶ್ರೀ ಮಧುಸೂದನ ಮಾಸ್ತರರಿಗೆ ಯಾಕೂಬಸಾಬನ ಸಲಾಮ.

ನಿಮ್ಮ ಪತ್ರ ಮುಟ್ಟಿತು. ಸೌಂಡ್ ಸರ್ವಿಸಿನ ಅಂಗಡಿ ಬಿಟ್ಟು ಬರಲು ಆಗುವುದಿಲ್ಲ. ಕೆಲಸ ಭಾಳ ಇದೆ.

ತಪ್ಪು ನಿಮ್ಮ ಜೋಡಣೆಯಲ್ಲಿದೆ. ಟಿವಿಗೆ ಕೊಟ್ಟ ಧ್ವನಿಯನ್ನು ಟಿವಿ ತಾನು ಉಂಡು, ಎರಡೇ ತುತ್ತು ಮುಂದಕ್ಕೆ ಕೊಡುತ್ತಿದೆ. ಪಂಕ್ತಿಗೆ ಬಡಿಸುವವನು ಅಡುಗೆ ಮನೆಯಿಂದ ತರಬೇಕು, ಉಂಡವನ ಎಲೆಯಿಂದ ಅಲ್ಲ. ಎರಡೂ ಕನ್ಸೋಲಿನ ವೈರನ್ನು ಟಿವಿಯಿಂದ ಬಿಚ್ಚಿ ನೇರ ರಿಸೀವರಿನ ಹಿಂದೆ ಹಾಕಿರಿ. ರಿಸೀವರಿನಿಂದ ಟಿವಿಗೆ ಚಿತ್ರದ ಸಲುವಾಗಿ ಒಂದೇ ವೈರ್ ಹೋಗಲಿ. ಆಮೇಲೆ ಎರಡೂ ಕನ್ಸೋಲಿನ ಸೆಟ್ಟಿಂಗಿನಲ್ಲಿ ಧ್ವನಿಯನ್ನು ಪಿಸಿಎಂ ಎಂದು ಇಡಿರಿ. ಆಗ ಧ್ವನಿ ಗಂಟು ಕಟ್ಟಿಕೊಳ್ಳದೆ ಬಿಡಿಯಾಗಿ ಬರುತ್ತದೆ, ಗಂಟು ಬಿಚ್ಚುವ ಹೊತ್ತು ಉಳಿಯುತ್ತದೆ. ಕಣ್ಣು ಮಿಟುಕಿಸುವಷ್ಟೂ ಅಲ್ಲ ಆ ಹೊತ್ತು, ಆದರೆ ಪ್ರಾಚಿಗೆ ಅದೇ ಮುಖ್ಯ.

ರಿಸೀವರಿನ ಜೊತೆ ಒಂದು ಸಣ್ಣ ಮೈಕ್ ಬಂದಿರಬೇಕು. ಕೇಳುವವರ ಕಿವಿ ಇರುವ ಜಾಗದಲ್ಲಿ ಅದನ್ನು ಇಟ್ಟರೆ, ರಿಸೀವರ್ ಐದೂ ಪೆಟ್ಟಿಗೆಗಳನ್ನು ನುಡಿಸಿ ನೋಡಿ ತಾನೇ ದೂರ ಅಳೆದುಕೊಳ್ಳುತ್ತದೆ. ಆಗ ಮನೆಯಲ್ಲಿ ಯಾರೂ ಸಪ್ಪಳ ಮಾಡಬಾರದು. ಪ್ರಾಚಿ ಎಲ್ಲಿ ಕೂಡುತ್ತಾಳೆ ಎಂಬುದನ್ನು ಬರೆಯಿರಿ.

ಫೋನ್ ಬೇಡ. ಬಾಗಲಕೋಟೆ ಬಸ್ಸಿನ ಡ್ರೈವರ್ ಶ್ರೀಶೈಲ ನಮ್ಮ ಓಣಿಯವನು. ಚೀಟಿ, ಸಾಮಾನು ಏನಿದ್ದರೂ ಅವನ ಕೈಯಲ್ಲಿ ಕೊಡಿರಿ.

ಯಾಕೂಬಸಾಬ


ನವನಗರ
24 ಜುಲೈ 2025

ಯಾಕೂಬಾ,

ನೀನು ನೂರು ಸಲ 'ನೀವು' ಅನ್ನು, ನಾನು ಅನ್ನುವುದಿಲ್ಲ.

ನೀನು ಹೇಳಿದಂತೆ ವೈರ್ ಬದಲಿಸಿದೆ. ಹಿಂದಿನ ಪೆಟ್ಟಿಗೆಗಳು ಬಾಯಿ ಬಿಟ್ಟವು. ಪ್ರಾಚಿ ಥಟ್ಟನೆ ಕುತ್ತಿಗೆ ತಿರುಗಿಸಿ, "ಅಪ್ಪಾ, ಯಾರೋ ಬೆನ್ನ ಹಿಂದಿಂದ ಬರ್ಲಿಕ್ಕತ್ತಾರ!" ಎಂದು ನಕ್ಕಳು. ಎಷ್ಟು ದಿನದ ಮೇಲೆ ಆ ನಗು ಕೇಳಿದೆನೋ. ಮೈಕನ್ನು ನನ್ನ ಆರಾಮ ಕುರ್ಚಿಯ ಮೇಲೆ, ತಲೆ ಆನಿಸುವ ಜಾಗದಲ್ಲಿ ಇಟ್ಟೆ. ಮೊದಲ ಸಲ ಕುಕ್ಕರ್ ಶೀಟಿ ಹೊಡೆದು ಕೆಟ್ಟಿತು. ಎರಡನೇ ಸಲ ಮನೆಯವಳನ್ನು ಅಂಗಳಕ್ಕೆ ಕಳಿಸಿ ಮುಗಿಸಿದೆ.

ಆದರೆ ಹೊಸ ಕನ್ಸೋಲಿನಲ್ಲಿರುವ ಅಭ್ಯಾಸದ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹದಿಮೂರೇ ಸರಿ. ಹಿಂದಿನ ಎರಡೂ ಪೆಟ್ಟಿಗೆ ಗೊರಗೊರ ಅನ್ನುತ್ತವೆ. ಶ್ರೀಶೈಲನ ಕೈಯಲ್ಲಿ ಕಳಿಸಿದ್ದೇನೆ, ನೋಡು.

ಕೆದಕುವುದಿಲ್ಲ ಎಂದಿದ್ದೆ, ಆದರೆ ನಿನ್ನ ಕಾಗದ ನೋಡಿದ ಮೇಲೆ ಸುಮ್ಮನಿರಲಾಗುತ್ತಿಲ್ಲ. ನನ್ನ ನಿವೃತ್ತಿಯ ಬೀಳ್ಕೊಡುಗೆಯ ದಿನ, ನಮ್ಮ ಹಳೇ ಹೆಡ್ ಮಾಸ್ತರರು ಮಾತಾಡಲು ನಿಂತಾಗ ನಿನ್ನ ಸೌಂಡ್ ಸಿಸ್ಟಮ್ ಕಿಂಯ್ ಎಂದು ಕಿರುಚಲು ಶುರು ಮಾಡಿತು. ಜನ ಕಿವಿ ಮುಚ್ಚಿಕೊಂಡರು. ಎಂಬತ್ತೈದರ ಆ ಮುದುಕರು ಗಾಬರಿಯಾಗಿ ಕೂತೇಬಿಟ್ಟರು. ನೀನು ಮಷಿನ್ನಿನ ಮುಂದೆಯೇ ಇದ್ದೆ. ಒಂದು ನಾಬ್ ತಿರುಗಿಸಿದ್ದರೆ ಆಗುತ್ತಿತ್ತು. ತಿರುಗಿಸದೆ ನನ್ನ ಕಡೆ ನೋಡಿ ನಗುತ್ತ ನಿಂತಿದ್ದೆ. ನನಗೆ ಮೈಯೆಲ್ಲ ಉರಿಯಿತು. ಮೈಕಿನಲ್ಲೇ ಅಂದೆ, "ಏ ಯಾಕೂಬಾ, ಕಿವಿ ಸಂತ್ಯಾಗ ಮಾರಿ ಬಂದಿಯೇನೋ?" ಸಭೆಯೆಲ್ಲ ನಕ್ಕಿತು. ನೀನು ಊಟವನ್ನೂ ಮಾಡದೆ ವೈರ್ ಸುತ್ತಿಕೊಂಡು ಹೋದೆ. ದೋಸ್ತರ ನಡುವೆ ಒಂದು ಮಾತು ಹೆಚ್ಚು ಕಡಿಮೆ ಬರುತ್ತದೆ. ಅದಕ್ಕೆ ಮೂರು ವರ್ಷದ ಸಿಟ್ಟೇ?

ಮಧುಸೂದನ


ಇಳಕಲ್ಲ
2 ಆಗಸ್ಟ್ 2025

ಮಾಸ್ತರರಿಗೆ ಸಲಾಮ.

ಎರಡೂ ಪೆಟ್ಟಿಗೆ ವಾಪಸ್ ಕಳಿಸಿದ್ದೇನೆ. ದೊಡ್ಡ ಸ್ಪೀಕರಿನ ಅಂಚು ಹರಿದಿತ್ತು, ಅದಕ್ಕೇ ಗೊರಗೊರ. ಬದಲಿಸಿದೆ. ತೀಕ್ಷ್ಣ ಧ್ವನಿ ಕೊಡುವ ಮೇಲಿನ ಸಣ್ಣ ಟ್ವೀಟರುಗಳೂ ಮೆತ್ತಗಾಗಿದ್ದವು, ಅವನ್ನೂ ಬದಲಿಸಿ, ಆ ಧ್ವನಿ ಏರಿಸಿ ಇಳಿಸುವ ಪೆಟ್ಟಿಗೆಯ ಹಿಂದಿನ ನಾಬನ್ನು ನನ್ನ ಕೈಯಿಂದಲೇ ಕೂಡಿಸಿದ್ದೇನೆ. ಒಂದು ಸಲ ಅಲ್ಲ, ಹತ್ತು ಸಲ ಕೇಳಿ ನೋಡಿದ್ದೇನೆ. ಪ್ರಾಚಿಯ ಸಾಮಾನು ಎಂದು ಬೇರೆ ಕೆಲಸ ಮುಟ್ಟಲಿಲ್ಲ.

ಬೀಳ್ಕೊಡುಗೆಯ ಮಾತು ಬಿಡಿರಿ. ಅವತ್ತು ನೀವು ಅಂದದ್ದರಲ್ಲಿ ಸುಳ್ಳಿರಲಿಲ್ಲ.

ಪ್ರಾಚಿ ಎಲ್ಲಿ ಕೂಡುತ್ತಾಳೆ ಎಂದು ಕೇಳಿದ್ದೆ. ನೀವು ಬರೆದಿಲ್ಲ.

ಯಾಕೂಬಸಾಬ


ನವನಗರ
6 ಆಗಸ್ಟ್ 2025

ಯಾಕೂಬಸಾಬ ಅವರಿಗೆ,

ಸರಿ, ಈಗ ನಾನೂ 'ನೀವು' ಅನ್ನುತ್ತೇನೆ.

ನಿಮ್ಮ ಪೆಟ್ಟಿಗೆಗಳು ಬಂದವು. ಹಚ್ಚಿದ ಕೂಡಲೇ ಪ್ರಾಚಿ ಎರಡೂ ಕಿವಿ ಮುಚ್ಚಿಕೊಂಡಳು. ಹಿಂದಿನಿಂದ ಬರುವ ಪ್ರತಿ ಧ್ವನಿಯೂ ಸೂಜಿಯಂತೆ ಚುಚ್ಚುತ್ತದೆ. ಗಾಜು ಒಡೆದರೂ, ಎಲೆ ಅಲುಗಿದರೂ ಒಂದೇ ಕಿರುಚಾಟ. ಹಟಕ್ಕೆ ಬಿದ್ದು ಪರೀಕ್ಷೆ ಮಾಡಿದಳು, ಇಪ್ಪತ್ತಕ್ಕೆ ಒಂಬತ್ತು. ಆಮೇಲೆ ತಲೆನೋವೆಂದು ಮಲಗಿದವಳು ಸಂಜೆಯ ಊಟಕ್ಕೂ ಏಳಲಿಲ್ಲ. ಇನ್ನು ಉಳಿದಿರುವುದು ಹದಿನೇಳು ದಿನ.

ಹತ್ತು ಸಲ ಕೇಳಿದೆ ಎಂದು ಬರೆದಿದ್ದೀರಿ. ಯಾವ ಕಿವಿಯಿಂದ ಕೇಳಿದಿರಿ? ಹುಡುಗರಿಗೂ ತಿಳಿಯುವಂಥ ತಪ್ಪು ಇದು. ನಲವತ್ತು ವರ್ಷ ಸೌಂಡ್ ಸರ್ವಿಸ್ ನಡೆಸಿದವರಿಗೆ ತಿಳಿಯಲಿಲ್ಲ ಎಂದರೆ ನಂಬುವುದು ಹೇಗೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ನನ್ನ ಮೇಲೆ ಸಿಟ್ಟಿದ್ದರೆ ಬಾಗಿಲಿಗೆ ಬಂದು ನನ್ನನ್ನೇ ಬೈಯಬೇಕಿತ್ತು. ನಿಮ್ಮನ್ನು ಕಾಕಾ ಎಂದು ಕರೆಯುವ ಹುಡುಗಿಯ ಅನ್ನದಲ್ಲಿ ಕಲ್ಲು ಹಾಕಬಾರದಿತ್ತು.

ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ.

ಮಧುಸೂದನ


ನವನಗರ
8 ಆಗಸ್ಟ್ 2025

ಯಾಕೂಬಾ,

ಮೊನ್ನೆಯ ಪತ್ರಕ್ಕಿಂತ ಮೊದಲು ಇದು ಮುಟ್ಟಲಿ ಎಂದು ಬರೆಯುತ್ತಿದ್ದೇನೆ. ಮುಟ್ಟುವುದಿಲ್ಲ ಎಂದೂ ಗೊತ್ತು. ಅದನ್ನು ಶ್ರೀಶೈಲನ ಕೈಯಲ್ಲಿ ಕೊಟ್ಟು ಬಂದವನು ನಾನೇ.

ಇವತ್ತು ಮುಂಜಾನೆ ಪ್ರಾಚಿ ಪೆಟ್ಟಿಗೆಯ ಹಿಂದಿನ ನಾಬನ್ನು ಬೆರಳಿನಿಂದ ಹುಡುಕಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಭಾಳ ಹೊತ್ತು ಕೂತಿದ್ದಳು. ನಾನು ನಿನ್ನನ್ನು ಬೈಯುತ್ತಲೇ ಇದ್ದೆ. ಆಗ ಅವಳು ಅಂದಳು, "ಅಪ್ಪಾ, ಸುಮ್ನಿರು. ಕೆಳಗಿನ ದಪ್ಪ ಧ್ವನಿ ಎಷ್ಟು ಚಂದ ಕೂಡ್ಸ್ಯಾರ ನೋಡು, ಕೂದಲೆಳಿಯಷ್ಟೂ ತಪ್ಪಿಲ್ಲ. ಬೇಕಂತ ಕೆಡಸೋರು ಅದನ್ನ ಯಾಕ ಇಷ್ಟು ಚಂದ ಮಾಡ್ತಾರ? ಮ್ಯಾಲಿನ ತೆಳ್ಳನ ಧ್ವನಿ ಅಷ್ಟ ಹಿಂಗ ಏರಸ್ಯಾರ. ಕಾಕಾಗ ಅದು ಕೇಳ್ಸಾಂಗಿಲ್ಲ. ತಮಗ ಕೇಳಸೂ ತನಕಾ ಏರಸ್ಯಾರ."

ಬೀಳ್ಕೊಡುಗೆಯ ದಿನ ನೀನು ನಗುತ್ತ ನಿಂತದ್ದು, ಹಜರತಬಿಯವರು ಫೋನ್ ಎತ್ತಿದ್ದು, 'ಚೀಟಿ ಬರೆಯಿರಿ' ಎಂದದ್ದು, ಎಲ್ಲ ಒಂದೊಂದಾಗಿ ನೆನಪಾಯಿತು. ನಾನು ನಿನ್ನ ಕಿವಿಯ ಬಗ್ಗೆ ಎರಡು ಸಲ ಚುಚ್ಚುಮಾತು ಆಡಿದ್ದೇನೆ. ಒಂದು ಸಲ ಸಭೆಯ ಮುಂದೆ, ಇನ್ನೊಂದು ಸಲ ಮೊನ್ನೆ.

ಪ್ರಾಚಿ ತಪ್ಪು ತಿಳಿದಿದ್ದಾಳೆ ಎಂದು ಬರೆದುಬಿಡು. ನನಗೆ ಭಾಳ ಹೆದರಿಕೆಯಾಗಿದೆ.

ಮಧುಸೂದನ


ಇಳಕಲ್ಲ
14 ಆಗಸ್ಟ್ 2025

ಮಧ್ಯಾ,

ನಿನ್ನ ಮೊದಲನೇ ಪತ್ರ ಏಳಕ್ಕೆ ಮುಟ್ಟಿತು, ಎರಡನೇದು ಹತ್ತಕ್ಕೆ. ನಡುವಿನ ಆ ಮೂರು ದಿನ ಹೇಗೆ ಕಳೆದೆ ಎಂದು ಕೇಳಬೇಡ. ಹಜರತಬಿ ನಿನಗೆ ಫೋನ್ ಮಾಡಿ ಎಲ್ಲ ಹೇಳಿಬಿಡುತ್ತೇನೆ ಎಂದು ಎದ್ದಳು. "ಹೇಳಿದಿ ಅಂದ್ರ ನನ್ನ ಮಾರಿ ನೋಡಬ್ಯಾಡ" ಅಂದೆ. ಆಮೇಲೆ ನಾಲ್ಕು ದಿನ ಪೆನ್ನು ಹಿಡಿದು ಕೂತೆ, ಬರೆಯಲು ಧೈರ್ಯ ಬರಲಿಲ್ಲ.

ಪ್ರಾಚಿ ತಪ್ಪು ತಿಳಿದಿಲ್ಲ. ತೀಕ್ಷ್ಣ ಧ್ವನಿ ಕೇಳದೆ ಆರು ವರ್ಷವಾಯಿತು. ಮೊದಲು ಗುಬ್ಬಿಗಳ ಚಿಲಿಪಿಲಿ ಹೋಯಿತು. ಗುಬ್ಬಿಗಳೇ ಕಮ್ಮಿಯಾಗಿವೆ ಅಂದುಕೊಂಡೆ. ಆಮೇಲೆ ಫೋನಿನ ಗಂಟೆ, ಕುಕ್ಕರಿನ ಶೀಟಿ. ಈಗ ಫೋನಿನಲ್ಲಿ ಯಾರು ಮಾತಾಡಿದರೂ ಅರ್ಧ ಮಾತು ನುಂಗಿದಂತೆ ಕೇಳುತ್ತದೆ. ದವಾಖಾನೆಯಲ್ಲಿ ಡಾಕ್ಟರು ಅಂದರು, ನಲವತ್ತು ವರ್ಷ ದೊಡ್ಡ ಸ್ಪೀಕರುಗಳ ಮಗ್ಗುಲಲ್ಲಿ ನಿಂತದ್ದರ ಫಲ ಎಂದು. ಕಿವಿಗೆ ಮಷಿನ್ ಹಾಕಿಕೊಳ್ಳಿರಿ ಅಂದರು. ಹಾಕಿಕೊಂಡರೆ ಊರಿಗೆಲ್ಲ ಕಾಣುತ್ತದೆ. ಸೌಂಡಿನವನಿಗೆ ಕಿವಿ ಇಲ್ಲ ಎಂದರೆ ಮದುವೆಗೆ ಯಾರು ಕರೆಯುತ್ತಾರೆ? ಕಣ್ಣಿಲ್ಲದವಳಿಗೆ ನೌಕರಿ ಯಾಕೆ ಎಂದು ಕೇಳುವ ಬಾಯಿಗಳೇ ಅಲ್ಲವೇ ಇವೂ?

ಅವತ್ತು ನಿನ್ನ ಬೀಳ್ಕೊಡುಗೆಯಲ್ಲಿ ಆ ಕಿರುಚಾಟ ನನಗೆ ಕೇಳಿಸಲೇ ಇಲ್ಲ. ಜನ ಕಿವಿಯ ಹತ್ತಿರ ಕೈ ಒಯ್ದದ್ದು ಕಂಡಿತು. ದೊಡ್ಡ ಮಾಸ್ತರರಿಗೆ ಕೈಯೆತ್ತಿ ಮುಗಿಯುತ್ತಿದ್ದಾರೆ ಅಂದುಕೊಂಡೆ. ಎಷ್ಟು ಚಂದ ನಡೆದಿದೆ ನಿನ್ನ ಕಾರ್ಯಕ್ರಮ ಎಂದು ನಿನ್ನ ನೋಡಿ ನಕ್ಕೆ. ನಿನ್ನ ಮಾತು ಮಾತ್ರ ಸ್ಪಷ್ಟ ಕೇಳಿಸಿತು ನೋಡು. ನಿನ್ನದು ದಪ್ಪ ಧ್ವನಿ, ಸ್ಪೀಕರುಗಳು ನನ್ನವೇ.

ಹತ್ತು ಸಲ ಕೇಳಿದೆ ಎಂದು ಬರೆದದ್ದು ಸುಳ್ಳಲ್ಲ. ಒಂಬತ್ತು ಸಲ ಏನೂ ಕೇಳಲಿಲ್ಲ. ಹತ್ತನೇ ಸಲ ಪೂರ್ತಿ ಏರಿಸಿದಾಗ ಒಂದಿಷ್ಟು ಕೇಳಿತು. ಸರಿಯಾಯಿತು ಅಂದುಕೊಂಡು ಕಟ್ಟಿ ಕಳಿಸಿದೆ. ಅದರಿಂದ ಹುಡುಗಿ ಉಣ್ಣದೆ ಮಲಗಿದಳಲ್ಲ, ಅದೊಂದು ನನ್ನ ಎದೆಗೆ ನಟ್ಟಿದೆ.

ಇನ್ನು ಒಂಬತ್ತು ದಿನ ಇವೆ. ಬೇರೆ ಯಾರನ್ನೂ ಕರೆಸಬೇಡ. ಹಿಂದಿನ ನಾಬುಗಳನ್ನು ಪ್ರಾಚಿಯೇ ತಿರುಗಿಸಲಿ. ನೀನು ಮುಟ್ಟಬೇಡ, ಸಲಹೆಯನ್ನೂ ಕೊಡಬೇಡ. ಅವಳಿಗೆ ಸಮ ಅನಿಸಿದ ಮೇಲೆ ಮೈಕ್ ಇಟ್ಟು ಮೊದಲಿನಿಂದ ಅಳತೆ ಮಾಡಿಸಿರಿ. ಮೂರನೇ ಸಲ ಕೇಳುತ್ತಿದ್ದೇನೆ. ಪ್ರಾಚಿ ಎಲ್ಲಿ ಕೂಡುತ್ತಾಳೆ?

ಯಾಕೂಬ


ನವನಗರ
18 ಆಗಸ್ಟ್ 2025

ಯಾಕೂಬಾ,

ನೆಲದ ಮೇಲೆ.

ಅಜ್ಜಿ ಹೊಲಿದ ಕೌದಿ ಹಾಸಿಕೊಂಡು, ಟಿವಿಯಿಂದ ನಾಲ್ಕು ಮೊಳ ದೂರ, ನೆಲದ ಮೇಲೆ ಕೂಡುತ್ತಾಳೆ. ಸಣ್ಣವಳಿದ್ದಾಗಿನಿಂದಲೂ ಅಲ್ಲೇ. ನಾನು ಮೈಕನ್ನು ನನ್ನ ಕುರ್ಚಿಯ ಮೇಲೆ ಇಟ್ಟಿದ್ದೆ. ಈ ಮನೆಯಲ್ಲಿ ರೇಡಿಯೋ ಇರಲಿ, ಟಿವಿ ಇರಲಿ, ಕೇಳುವ ಜಾಗ ಎಂದರೆ ನನ್ನ ಕುರ್ಚಿ ಎಂದೇ ತಲೆಯಲ್ಲಿ ಕೂತಿತ್ತು. ಐದೂ ಪೆಟ್ಟಿಗೆಗಳು ಇಷ್ಟು ದಿನ ಯಾರೂ ಕೂಡದ ಖಾಲಿ ಕುರ್ಚಿಗೆ ಧ್ವನಿ ಕಳಿಸುತ್ತಿದ್ದವು. ಮಗಳ ತಲೆಯ ಮೇಲಿಂದ ಹಾದು ಹೋಗುತ್ತಿದ್ದವು. ನೀನು ಮೂರು ಸಲ ಕೇಳಿದೆ, ನಾನು ಅದನ್ನು ಒಂದು ಪ್ರಶ್ನೆ ಎಂದೇ ಎಣಿಸಲಿಲ್ಲ.

ಶನಿವಾರ ನಾಬುಗಳನ್ನು ಅವಳೇ ತಿರುಗಿಸಿದಳು. ಆಮೇಲೆ ಕೌದಿಯ ಮೇಲೆ ಕಾಳು ಅಳೆಯುವ ಸೇರು ಬೋರಲು ಹಾಕಿ, ಅದರ ಮೇಲೆ ಎರಡು ಡಬ್ಬಿ, ಡಬ್ಬಿಯ ಮೇಲೆ ಮೈಕ್. ತನ್ನ ಕಿವಿಯ ಎತ್ತರವನ್ನು ಗೇಣಿನಿಂದ ಅಳೆದು ಇಟ್ಟಳು. ನಾನು, ಮನೆಯವಳು ಇಬ್ಬರೂ ಸಪ್ಪಳ ಮಾಡದೆ ಅಂಗಳದಲ್ಲಿ ನಿಂತೆವು.

ಅವತ್ತು ಹದಿನಾರು ಸರಿ. ನಿನ್ನೆ ಹದಿನೆಂಟು. ಇವತ್ತು ಮತ್ತೆ ಹದಿನಾರು.

ಅವಳು ನಿನಗೊಂದು ಮಾತು ಬರೆಸಿದ್ದಾಳೆ: "ಕಾಕಾ, 23ಕ್ಕ ನೀವು ಬರಬೇಕು. ನನ್ನ ಹಿಂದ ಎಡಗಡೆ ಸ್ಪೀಕರ್ ಡಬ್ಬಿ ಹಂತೇಕ ಕೂಡಬೇಕು. ಅಲ್ಲಿ ನೀವದೀರಿ ಅಂತ ಗೊತ್ತಿದ್ರ ನನಗ ಹೆದರಿಕಿ ಆಗಂಗಿಲ್ಲ." ಅವರಿಗೆ ಕೇಳಿಸುವುದಿಲ್ಲವಲ್ಲ ಎಂದೆ. "ಕೈ ಇಟ್ರ ಗೊತ್ತಾಗ್ತದ. ಡಬ್ಬಿ ಮಾಡೋ ಮುಂದ ಹಂಗ ನೋಡತಿದ್ರಲ್ಲ" ಎಂದಳು.

ನನ್ನ ಮಾತನ್ನು ಕಾಗದದಲ್ಲಿ ತಿದ್ದಲು ಬರುವುದಿಲ್ಲ. ಮೈಕಿನಲ್ಲಿ ಅಂದದ್ದು ಅದು. ನೀನು ಬಾ. ನಿನ್ನ ಕಾಲು ಹಿಡಿಯುವುದಿಲ್ಲ, ಹಿಡಿದರೆ ನೀನು ಒದೆಯುತ್ತೀ ಎಂದು ಗೊತ್ತು. ಎದುರು ಕೂತು ಉಣ್ಣು, ಸಾಕು.

ನಿನ್ನ
ಮಧ್ಯಾ


ಇಳಕಲ್ಲ
26 ಆಗಸ್ಟ್ 2025

ಮಧ್ಯಾ,

ಎದುರು ಕೂತು ಉಂಡು ಬಂದಿದ್ದೇನೆ, ಆದರೂ ಬರೆಯುವುದು ಉಳಿದಿದೆ.

ನಾನು ಗೋಡೆಗೆ ಆತು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕೂತಿದ್ದೆ. ಪ್ರಾಚಿ ಬೆರಳು ತೋರಿಸುತ್ತ ಹೋದಳು. ನನ್ನ ಪೆಟ್ಟಿಗೆಯ ಕಡೆ ತೋರಿಸಿದಾಗೆಲ್ಲ ಕೈಗೆ ಗುದ್ದು ತಾಗುತ್ತಿತ್ತು. ಹೌದು, ಸರಿ, ಎಂದು ಒಳಗೇ ಅಂದುಕೊಳ್ಳುತ್ತಿದ್ದೆ. ಉಳಿದದ್ದಕ್ಕೆ ನಿನ್ನ ಕೈ ನೋಡುತ್ತಿದ್ದೆ. ತಪ್ಪಾದಾಗ ನೀನು ಒಂದು ಬೆರಳು ಮಡಚುತ್ತಿದ್ದೆ. ಹದಿಮೂರು ಮುಗಿಯುವಷ್ಟರಲ್ಲಿ ಎರಡು ಬೆರಳು ಮಡಚಿದ್ದವು.

ಹದಿನಾಲ್ಕನೆಯದಕ್ಕೆ ಅವಳು ಸ್ವಲ್ಪವೂ ತಡಮಾಡದೆ ನನ್ನ ಪೆಟ್ಟಿಗೆಯ ಕಡೆ ಬೆರಳು ಚಾಚಿದಳು. ನನ್ನ ಅಂಗೈಗೆ ಏನೂ ತಾಗಲಿಲ್ಲ. ಪೆಟ್ಟಿಗೆ ಬಾದಾಮಿ ಗುಡ್ಡದ ಕಲ್ಲಿನಂತೆ ತಣ್ಣಗಿತ್ತು. ನೀನು ನೋಡಿದರೆ ಕಣ್ಣು ಮುಚ್ಚಿ ಕೂತಿದ್ದೆ. ಹೋಯಿತು, ಹುಡುಗಿ ತಪ್ಪಿದಳು, ನನ್ನ ಮೇಲಿನ ಭರವಸೆಗೆ ಈ ಕಡೆ ತೋರಿಸಿಬಿಟ್ಟಳು. ನಾನು ಬರಬಾರದಿತ್ತು ಅಂದುಕೊಂಡೆ. ಉಳಿದ ಆರು ಧ್ವನಿ ಹೇಗೆ ಮುಗಿದವೋ ಗೊತ್ತಿಲ್ಲ.

ಆಮೇಲೆ ಚಹಾ ಕುಡಿಯುವಾಗ ಅವಳು ನನ್ನ ಬಲಗಿವಿಯ ಹತ್ತಿರ ಬಂದು ಜೋರಾಗಿ ಅಂದಳಲ್ಲ, "ಹದಿನಾಕನೇದು ಗುಬ್ಬಿ ಕಾಕಾ. ನಿಮ್ಮ ಡಬ್ಬಿವಳಗ ಗುಬ್ಬಿ ಕೂತಿತ್ತು. ಎಷ್ಟು ಚಂದ ಕೂಗ್ತು ಅಂತೀರಿ." ಆಗ ತಿಳಿಯಿತು, ಅವಳು ತಪ್ಪಿದ್ದಕ್ಕಲ್ಲ, ಆ ಕೂಗು ಕೇಳಿ ನೀನು ಕಣ್ಣು ಮುಚ್ಚಿದ್ದೆ ಎಂದು. ಆರು ವರ್ಷದಿಂದ ನನಗೆ ಕೇಳದ ಗುಬ್ಬಿ ನನ್ನ ಕೈಯ ಕೆಳಗೇ, ಪೆಟ್ಟಿಗೆ ಅದುರದಷ್ಟು ಸಣ್ಣಗೆ ಕೂಗಿತ್ತು. ನಾನು ಮಾಡಿದ ಪೆಟ್ಟಿಗೆ ಇನ್ನೂ ಸರಿಯಾಗಿ ಕೂಗುತ್ತದೆ ಎಂದು ಅವಳು ಹೇಳಿದ ಮೇಲೆ ಮತ್ತೆ ಯಾರನ್ನೂ ಕೇಳುವ ಕೆಲಸ ಇಲ್ಲ.

ನಿನ್ನೆ ಪ್ರಾಚಿ ಫೋನ್ ಮಾಡಿದ್ದಳು. ಹಜರತಬಿ ಕೇಳಿಕೊಂಡು, ಹಿಟ್ಟಿನ ಕೈಯಲ್ಲೇ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದಳು: "ಹದಿನೆಂಟು. ನೌಕರಿ ಆತು." ಓದಿ ಅವಳ ಮುಂದೆಯೇ ಅತ್ತೆ. ಅವಳೂ ಅತ್ತಳು, ರೊಟ್ಟಿ ಹೊತ್ತಿತು.

ಇವತ್ತು ಅಂಗಡಿಯ ಮುಂದೆ ಒಂದು ಬೋರ್ಡ್ ಬರೆದು ತೂಗುಹಾಕಿದ್ದೇನೆ: 'ನನಗೆ ಕಿವಿ ಕಮ್ಮಿ. ಜೋರಾಗಿ ಮಾತಾಡಿರಿ ಇಲ್ಲವೆ ಬರೆದು ಕೊಡಿರಿ. ರಿಪೇರಿ ಗ್ಯಾರಂಟಿ.' ಇಬ್ಬರು ಓದಿ ಹಾಗೇ ಮುಂದೆ ಹೋದರು. ಮೂರನೆಯವನು ಒಳಗೆ ಬಂದು, ಮೂರು ಅಂಗಡಿಗೆ ಕೇಳುವಂತೆ, "ಮಿಕ್ಸರ್ ತಿರಗವಲ್ದೋ ಯಾಕೂಬಣ್ಣಾ!" ಎಂದು ಕೂಗಿದ. ಮಿಕ್ಸರ್ ಇಸಿದುಕೊಂಡೆ. ಬರುವ ವಾರ ದವಾಖಾನೆಗೂ ಹೋಗುತ್ತೇನೆ, ಕಿವಿಯ ಮಷಿನ್ನಿಗೆ.

ನೀನು ಇನ್ನು ಮೇಲೆ ಫೋನ್ ಮಾಡಬೇಡ. ಬರೆ. ಬರೆಯಲು ಬೇಸರವಾದರೆ ಬಸ್ ಹತ್ತಿ ಬಾ.

ಯಾಕೂಬ